ಧೂಪದ ಸಂಕದಲ್ಲಿ ನಿಧಾನ

ಧೂಪದ ಸಂಕವನ್ನು ಬಯ್ಯದೆ ಭವಿತಾಳ ಬೆಳಗು ಆಗುತ್ತಿರಲಿಲ್ಲ. ಬೇರೆಯವರು ದೇವರ ಹೆಸರು ಹೇಳಿ ಸ್ಟೇರಿಂಗ್ ಮುಟ್ಟುತ್ತಾರೆ. ಇವಳು ‘ಎಂತ ಸಾವು ಮಾರಾಯ್ರೆ ಈ ಸಂಕ’ ಎಂದು ಗೇರ್ ಬದಲಿಸುತ್ತಿದ್ದಳು. ಹಿಂದೆ ಕೂತ ಮಕ್ಕಳಿಗೂ ಅದು ಬಾಯಿಪಾಠವಾಗಿಬಿಟ್ಟಿತ್ತು. ಮೊದಲ ಧೂಪದ ಮರ ಕಂಡದ್ದೇ ತಡ, ವ್ಯಾನಿಗೆ ವ್ಯಾನೇ ‘ಎಂತ ಸಾವು ಮಾರಾಯ್ರೆ’ ಎಂದು ರಾಗ ಎಳೆಯುತ್ತಿತ್ತು. ಅವಳ ಮಗಳು ಯಶಸ್ವಿ ಮುಂದಿನ ಸೀಟಿನಲ್ಲಿ ಕೂತು ತಾಳ ಹಾಕುತ್ತಿದ್ದಳು. ಒಳಗಿನ ಹಳ್ಳಿಗಳ ಮಕ್ಕಳನ್ನು ಬೆಳ್ಳಾರೆಯ ಶಾಲೆಗೆ ಮುಟ್ಟಿಸಿ, ಸಂಜೆ ಅವರವರ ಗೇಟಿನ ಬಳಿ ಇಳಿಸುವುದು ಭವಿತಾಳ ಕೆಲಸ. ಆ ದಾರಿಯಲ್ಲಿ ಸಂಕವನ್ನು ತಪ್ಪಿಸಿ ಹೋಗಬೇಕೆಂದರೆ ಅರ್ಧ ತಾಲೂಕು ಸುತ್ತಬೇಕು.

ಸಂಕ ಅಂದರೆ ದೊಡ್ಡ ಸೇತುವೆ ಏನಲ್ಲ. ಹೊಳೆಯೂ ದೊಡ್ಡದಲ್ಲ, ಬೇಸಿಗೆಯಲ್ಲಿ ಹುಡುಕಬೇಕು, ಆಟಿ ತಿಂಗಳ ಜಡಿಮಳೆಯಲ್ಲಿ ಮಾತ್ರ ಅದರ ಅಬ್ಬರ ನೋಡಬೇಕು. ಅದರ ಮೇಲೆ ಎತ್ತಿನ ಗಾಡಿಗಳ ಕಾಲದ ಒಂದು ಕಮಾನು. ಕಪ್ಪು ಕಲ್ಲನ್ನು ಕಡಿದು, ಸುಣ್ಣ ಬೆಲ್ಲದ ಗಾರೆಯಲ್ಲಿ ಕೂರಿಸಿ ಕಟ್ಟಿದ್ದು. ಅಡಿಕೆ ಪುತ್ತೂರಿಗೆ ಹೋದದ್ದು, ಉಪ್ಪು, ಒಣಮೀನು ಈಚೆಗೆ ಬಂದದ್ದು ಎಲ್ಲ ಇದರ ಬೆನ್ನಿನ ಮೇಲೆಯೇ. ರಸ್ತೆಯ ಎರಡು ಬದಿಗೂ ಸಾಲಾಗಿ ಧೂಪದ ಮರಗಳು. ಗಾಡಿಯವರ ನೆರಳಿಗೆಂದು ಯಾವ ಪುಣ್ಯಾತ್ಮರು ನೆಟ್ಟರೋ, ಈಗ ಇಬ್ಬರು ಸೇರಿದರೂ ಒಂದನ್ನು ತಬ್ಬಲಾಗದು. ಬೆಳ್ಳಾರೆ ಕಡೆಯಿಂದ ರಸ್ತೆ ಇಳಿಜಾರಿನಲ್ಲಿ ಬಂದು, ಮರಗಳ ನಡುವೆ ಮೊಣಕೈ ಮಡಚಿದ ಹಾಗೆ ತಿರುಗಿ, ಸಂಕ ಹತ್ತುತ್ತದೆ. ಸಂಕದ ಮೇಲೆ ಒಂದು ಸಲಕ್ಕೆ ಒಂದೇ ದೊಡ್ಡ ಗಾಡಿ ಹಿಡಿಯುತ್ತದೆ.

ಆ ತಿರುವಿನ ಒಳಗೆ, ಸಂಕದ ಬಾಯಿಯಲ್ಲೇ, ಗುಳಿಗನ ಕಲ್ಲಿದೆ. ದಾರಿ ಕಾಯುವ ದೈವ. ಕಲ್ಲಿನ ಪಕ್ಕ ಮೊದಲು ಒಂದು ಕಬ್ಬಿಣದ ಕಾಣಿಕೆ ಡಬ್ಬಿ ಇತ್ತು. ಹೋಗುವ ಬರುವ ಗಾಡಿಗಳೆಲ್ಲ ಅಲ್ಲಿ ನಿಧಾನ ಮಾಡಿ, ಒಂದು ಪಾವಲಿ ಹಾಕಿ, ಆಮೇಲೆ ಸಂಕ ದಾಟುವುದು ರೂಢಿ. ಬಸ್ಸಿನ ಕಂಡಕ್ಟರ್ ಮೆಟ್ಟಿಲಿನಿಂದ ಬಗ್ಗಿ ಹಾಕುತ್ತಿದ್ದ. ಬೈಕಿನವರು ಒಂದು ಕಾಲು ಊರಿ, ಕೈ ಎದೆಗೆ ಮುಟ್ಟಿಸಿ ಹೋಗುತ್ತಿದ್ದರು. ಗುರಿ ತಪ್ಪಿ ಹೊಳೆಗೆ ಬಿದ್ದ ನಾಣ್ಯವೂ ಗುಳಿಗನ ಲೆಕ್ಕಕ್ಕೇ ಜಮೆ ಎಂದು ಎಲ್ಲರಿಗೂ ನಂಬಿಕೆ.

ಒಮ್ಮೆ ಡಬ್ಬಿಗೆ ಹಾಕಲು ನಿಂತ ಜೀಪಿನ ಹಿಂದಕ್ಕೆ ಒಂದು ಸ್ಕೂಟರ್ ಹೋಗಿ ತಾಗಿತು. ಜನರಿಗೆ ಏನೂ ಆಗಲಿಲ್ಲ, ಒಂದು ಇಂಡಿಕೇಟರ್ ಒಡೆಯಿತು, ಅಷ್ಟೆ. ಆದರೆ ಊರಿನ ಯುವಕ ಮಂಡಲಕ್ಕೆ ಅಷ್ಟು ಸಾಕಾಯಿತು. ತಿರುವಿನಲ್ಲಿ ಗಾಡಿ ನಿಲ್ಲಿಸುವುದು ಅಪಾಯ, ಡಬ್ಬಿಯನ್ನು ಒಳ್ಳೆಯ ಜಾಗಕ್ಕೆ ಒಯ್ಯಬೇಕು ಎಂದು ಅಧ್ಯಕ್ಷ ಹರಿಪ್ರಸಾದ್ ಹೇಳಿದ. ಕೇಳುವವರಿಗೆ ಅದು ಸರಿಯೇ ಅನ್ನಿಸಿತು. ಭವಿತಾಳಿಗಂತೂ ತನ್ನ ಮನಸ್ಸಿನ ಮಾತು ಅವನ ಬಾಯಿಗೆ ಬಂದ ಹಾಗಾಗಿ, ಸಭೆಯಲ್ಲಿ ಅವನಿಗಿಂತ ಹೆಚ್ಚು ಅವಳೇ ಮಾತಾಡಿದಳು. ಗುಳಿಗನ ಕಾರ್ಯ ನೋಡಿಕೊಳ್ಳುವ ಹಿರಿಯರಾದ ಮಹಾಲಿಂಗಣ್ಣ, ಕಲ್ಲನ್ನು ಯಾರೂ ಮುಟ್ಟಬಾರದು, ಡಬ್ಬಿ ಬೇಕಾದರೆ ಒಯ್ಯಿರಿ ಎಂದು ಒಪ್ಪಿದರು.

ಡಬ್ಬಿ ಏರಿನ ತುದಿಗೆ, ಬಸ್ ತಂಗುದಾಣದ ಪಕ್ಕಕ್ಕೆ ಹೋಯಿತು. ಅಲ್ಲಿ ರಸ್ತೆ ಅಗಲ, ನೇರ. ಟೈಲ್ಸ್ ಹಾಕಿದ ಕಟ್ಟೆ, ಮೇಲೆ ಶೀಟು, ಒಂದು ಲೈಟು. ಬೋರ್ಡಿನಲ್ಲಿ ಗುಳಿಗನ ಹೆಸರಿಗಿಂತ ಮಂಡಲದ ಹೆಸರು ದೊಡ್ಡದಾಗಿ ಬಂತೆಂದು ಮಹಾಲಿಂಗಣ್ಣ ಸ್ವಲ್ಪ ಗೊಣಗಿದರು. ಉಳಿದವರೆಲ್ಲ ಖುಷಿಪಟ್ಟರು.

ಅದಾದ ಮೇಲೆ ಸಂಕಕ್ಕೆ ಎಂಥದೋ ಹಿಡಿದ ಹಾಗಾಯಿತು. ಇವತ್ತು ಒಂದು ಕಾರು ತಡೆಗೋಡೆಗೆ ಉಜ್ಜಿತು, ನಾಳೆ ಒಂದು ಆಟೋ ಚರಂಡಿಗೆ ಇಳಿಯಿತು. ಕಲ್ಲಿನ ಗೋಡೆಯ ಮೇಲೆ ಬಿಳಿ, ಕೆಂಪು, ನೀಲಿ ಪೈಂಟಿನ ಗೀರುಗಳು ಹೆಚ್ಚಿದವು. ಕಾಲ ಬದಲಾಗಿದೆ, ಗಾಡಿ ಹೆಚ್ಚಾಗಿದೆ, ಸಂಕ ಹಳತಾಗಿದೆ ಎಂದು ಜನ ಮಾತಾಡಿಕೊಂಡರು. ಮಳೆಗಾಲ ಮುಗಿಯುವ ಹೊತ್ತಿಗೆ ಸುಜಯನ ಸರದಿ ಬಂತು.

ಸುಜಯ್ ಭವಿತಾಳ ಗಂಡ. ತೋಟಗಳ ಪಂಪ್‌ಸೆಟ್ ರಿಪೇರಿ ಅವನ ಕಸುಬು. ಹಿಂದೆ ಸ್ಪ್ಯಾನರುಗಳ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಇಡೀ ಸೀಮೆ ತಿರುಗುವವನು. ಆ ದಿನ ಕೆಲಸಕ್ಕೆಂದು ಬೆಳ್ಳಾರೆ ಕಡೆ ಹೋಗುವಾಗ ಸಂಕದ ಬಾಯಿಯಲ್ಲಿ ಎದುರಿನಿಂದ ಬಂದ ಪಿಕಪ್ ಗುದ್ದಿತು. ಬಲಗಾಲಿನ ಎಲುಬು ಮುರಿದು ಒಳಗೆ ರಾಡ್ ಕೂರಿಸಬೇಕಾಯಿತು. ಪಿಕಪ್ಪಿನವನು ಕೆಟ್ಟವನೇನಲ್ಲ. ಅವನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಮಂಚದ ಪಕ್ಕ ನಿಂತು, ಕಟ್ಟೆಯ ಬಳಿ ನಿಲ್ಲಿಸಿ ಡಬ್ಬಿಗೆ ಹಾಕಿಯೇ ಬಂದದ್ದು ಅಕ್ಕಾ, ಆದರೂ ಹೀಗಾಯಿತಲ್ಲ ಎಂದು ಕಣ್ಣೀರು ಹಾಕಿದ. ಕೇಳಿದವರೆಲ್ಲ ಅವನ ಬಗ್ಗೆ ಅಯ್ಯೋ ಪಾಪ ಅಂದರು. ಕಾಲು ಒಂದು ಹಂತಕ್ಕೆ ಬಂದ ಮೇಲೂ ಸುಜಯ್ ಬಾವಿಗೆ ಇಳಿಯಲಾರ, ಬೈಕು ಹತ್ತಲಾರ. ಹತ್ತಲಾರ ಅನ್ನುವುದಕ್ಕಿಂತ, ಹತ್ತಲು ಮನಸ್ಸಿಲ್ಲ. ಬೆಳ್ಳಾರೆಗೆ ಹೋಗಬೇಕಾದರೆ ವ್ಯಾನಿನಲ್ಲಿ ಬೇಡ, ಸುತ್ತಿನ ಬಸ್ಸಿನಲ್ಲಿ ಹೋಗುತ್ತೇನೆ ಎನ್ನುತ್ತಿದ್ದ.

ಭವಿತಾಳ ಸಿಟ್ಟು ಆಗ ಬೈಗುಳದಲ್ಲಿ ನಿಲ್ಲಲಿಲ್ಲ. ತಿರುವು ತೆಗೆದು ರಸ್ತೆಯನ್ನು ನೇರ ಮಾಡಬೇಕು, ಹಳೆ ಸಂಕ ಒಡೆದು ಅಗಲದ ಸೇತುವೆ ಕಟ್ಟಬೇಕು ಎಂದು ಮನವಿ ಬರೆಸಿದಳು. ಮೊದಲ ಸಹಿ ಅವಳದ್ದೇ. ಮನೆ ಮನೆ ಹತ್ತಿ ಇಳಿದು, ನಾಯಿಗಳಿಂದ ಓಡಿಸಿಕೊಂಡು, ಊರಿನ ಸಹಿಯೆಲ್ಲ ತಂದಳು. ನಮ್ಮ ಊರಿನ ಮನವಿಗಳು ಹೆಚ್ಚಾಗಿ ಕಡತದೊಳಗೆ ಮಲಗಿ ಸುಖವಾಗಿರುತ್ತವೆ. ಇದು ಮಾತ್ರ ಎದ್ದು ನಡೆಯಿತು. ಇಲಾಖೆಯ ಸಹಾಯಕ ಇಂಜಿನಿಯರ್ ಚಿನ್ಮಯೀ ಬಂದು ಅಳತೆ ಮಾಡಿದರು. ಕಡಿಯಬೇಕಾದ ಧೂಪದ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರ್ ಬಿತ್ತು. ಭವಿತಾ ಆ ನಂಬರುಗಳನ್ನು ನೋಡಿ ಮೊದಲ ಸಲ ನೆಮ್ಮದಿಯಿಂದ ಸಂಕ ದಾಟಿದಳು. ಅಂದು ಬೈಗುಳ ಬಾರದ್ದು ನೋಡಿ ಮಕ್ಕಳಿಗೇ ಬೇಜಾರಾಯಿತು.

ಶಾಲೆ ಮರಳಿ ಶುರುವಾದ ವಾರ. ಜೂನ್ ತಿಂಗಳ ಹನಿ ಮಳೆ. ಭವಿತಾ ಮಕ್ಕಳನ್ನು ತುಂಬಿಸಿಕೊಂಡು ಸಂಕದ ಮೇಲೆ ವ್ಯಾನು ಹತ್ತಿಸಿದ್ದಳು. ನಡುವಿಗೆ ಬರುವಾಗ ಎದುರು ತಿರುವಿನ ಆಚೆ ಮರಗಳ ಸಂದಿಯಲ್ಲಿ ಕೆಂಪುಕಲ್ಲು ತುಂಬಿದ ಲಾರಿಯ ಮೂತಿ ಕಂಡಿತು. ಇಳಿಜಾರಿನಲ್ಲಿ, ಆ ಭಾರ ಹೊತ್ತು, ಆ ಮಳೆಗೆ ಬರುವ ಲಾರಿ ನಿಲ್ಲುವ ಮಾತೇ ಇಲ್ಲ. ಅವಳಿಗೆ ಹಿಂದೆ ಹೋಗಲು ಜಾಗವಿಲ್ಲ, ಪಕ್ಕಕ್ಕೆ ಸರಿದರೆ ಹೊಳೆ. ಆದರೆ ಲಾರಿ ಬರಲೇ ಇಲ್ಲ. ಗುಳಿಗನ ಕಲ್ಲಿನ ಹತ್ತಿರ ಬಂದು ಎತ್ತಿನ ಗಾಡಿಯ ಹಾಗೆ ನಿಂತುಬಿಟ್ಟಿತು.

ಅದರ ಹಿಂದೆ ಒಂದು ಕಾರು. ಹಾರ್ನ್ ಮೇಲೆ ಹಾರ್ನ್ ಹಾಕಿ, ಲಾರಿಯ ಬಲಬದಿಯಿಂದ ಮುಂದೆ ನುಗ್ಗಲು ನೋಡಿತು. ಲಾರಿ ಮೆಲ್ಲ ಬಲಕ್ಕೆ ಮೂತಿ ತಿರುಗಿಸಿ ಇಡೀ ರಸ್ತೆಗೆ ಅಡ್ಡ ನಿಂತಿತು. ಕಾರಿನವನು ಬಾಗಿಲು ತೆಗೆದು ಇಳಿದು, ಅಪ್ಪ ಅಮ್ಮನಿಗೆ ಸೇರಿಸಿ ಬಯ್ಯಲು ಶುರುಮಾಡಿದ. ಅಷ್ಟರಲ್ಲಿ ಲಾರಿಯ ಮೂತಿಯ ಆಚೆಯಿಂದ ಹಳದಿ ವ್ಯಾನು, ಕಿಟಕಿ ತುಂಬ ಮಕ್ಕಳ ತಲೆ, ತೆವಳಿಕೊಂಡು ಸಂಕ ಇಳಿದು ಬಂತು. ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಆಮೇಲೆ ಹೋಗಿ ಕಾರಿನಲ್ಲಿ ಕೂತುಕೊಂಡ. ಲಾರಿ ಮೂತಿ ಎಡಕ್ಕೆಳೆದು ವ್ಯಾನಿಗೆ ದಾರಿ ಬಿಟ್ಟಿತು.

ಭವಿತಾ ವ್ಯಾನು ಬದಿಗೆ ಹಾಕಿ ಇಳಿದಳು. ಲಾರಿಯಲ್ಲಿದ್ದದ್ದು ಬೆಳ್ಳಾರೆಯ ಸುಲೈಮಾನ್; ಊರೆಲ್ಲ ಕರೆಯುವುದು ಸುಲೈಮಾನಾಕ ಎಂದು. ಗಡ್ಡ ನರೆತ ಮನುಷ್ಯ, ಆದರೂ ಸ್ಟೇರಿಂಗ್ ಹಿಡಿದ ಹೆಂಗಸರನ್ನೆಲ್ಲ ಅಕ್ಕ ಎಂದೇ ಕರೆಯುವವರು. ತಾನು ಸಂಕದ ಮೇಲೆ ಇದ್ದದ್ದು ನಿಮಗೆ ಕಂಡಿತಾ ಎಂದು ಅವಳು ಕೇಳಿದಳು. ಎಲ್ಲಿಯ ಕಾಣುವುದು, ತಿರುವಿನಿಂದ ಆಚೆ ಯಾರಿಗೆ ಕಾಣುತ್ತದೆ, ಅದಕ್ಕೇ ಆ ಕಾರನ್ನೂ ಬಿಡಲಿಲ್ಲ ಎಂದು ಅವರು ನಕ್ಕರು.

“ಮತ್ತೆ ನಿಂತದ್ದು ಯಾಕೆ?”

ಸುಲೈಮಾನಾಕ ಸ್ವಲ್ಪ ಯೋಚಿಸಿದರು. ಅವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂದು ಕಾಣುತ್ತದೆ.

“ಇಲ್ಲಿ ನಿಲ್ಲುದಲ್ವಾ ಅಕ್ಕಾ. ನಾನು ಲಾರಿಯಲ್ಲಿ ಕ್ಲೀನರ್ ಇರುವಾಗಿಂದ ಇಲ್ಲಿ ನಿಂತೇ ಹೋಗುದು. ಎದುರಿನವರು ಡಬ್ಬಿಗೆ ಹಾಕ್ಲಿಕ್ಕೆ ನಿಲ್ತಿದ್ರು, ನಾವು ಅವರ ಹಿಂದೆ ನಿಲ್ತಿದ್ದೆವು. ಈಗ ಎದುರು ಯಾರೂ ನಿಲ್ಲುದಿಲ್ಲ. ಆದ್ರೆ ಈ ಕಾಲು ಕೇಳುದಿಲ್ಲ, ಕಲ್ಲು ಕಂಡ ಕೂಡ್ಲೆ ಬ್ರೇಕಿಗೆ ಹೋಗ್ತದೆ.”

ಭವಿತಾಳಿಗೆ ಅವರ ಕಾಲಿಗೇ ಕೈಮುಗಿಯಬೇಕು ಅನ್ನಿಸಿತು. ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯುವುದಿಲ್ಲ ಎಂದಳು. ಸುಲೈಮಾನಾಕ, ಮಕ್ಕಳಿಗೆ ಬೆಲ್ ಆಗ್ತದೆ, ಹೋಗಿ ಅಕ್ಕ ಎಂದು ಗೇರ್ ಹಾಕಿದರು.

ಏರು ಹತ್ತಿ ಬಸ್ ತಂಗುದಾಣದ ಹತ್ತಿರ ಬರುವಾಗ ಕಟ್ಟೆಯೆದುರು ಒಂದು ಜೀಪು, ಎರಡು ಕಾರು ನಿಂತಿದ್ದವು. ಜೀಪಿನವನು ಇಳಿದು ಡಬ್ಬಿಗೆ ಹಾಕಿದ, ಕಣ್ಣುಮುಚ್ಚಿ ಕೈಮುಗಿದ, ಹಣೆ ಮುಟ್ಟಿಕೊಂಡ. ಒಳ್ಳೆಯ ಭಕ್ತ. ಆಮೇಲೆ ಹತ್ತಿ ಕೂತು, ತಡವಾದದ್ದಕ್ಕೆ ಪರಿಹಾರವೋ ಎಂಬಂತೆ ಒಂದೇ ಸಮನೆ ಆಕ್ಸಿಲರೇಟರ್ ತುಳಿದು ಇಳಿಜಾರಿಗೆ ಬಿಟ್ಟ. ಕಾರುಗಳೂ ಹಾಗೇ ಮಾಡಿದವು. ಗುಳಿಗನಿಗೆ ಕೊಡುವುದು ಕೊಟ್ಟಾಯಿತು, ಇನ್ನು ತಿರುವನ್ನು ಅವನೇ ನೋಡಿಕೊಳ್ಳಲಿ ಎಂಬ ಹಾಗೆ. ಭವಿತಾ ವ್ಯಾನು ನಿಲ್ಲಿಸಿ ಕನ್ನಡಿಯಲ್ಲಿ ಅವರು ಮರೆಯಾಗುವ ತನಕ ನೋಡಿದಳು. ಆಸ್ಪತ್ರೆಯ ಮಂಚದ ಪಕ್ಕ ನಿಂತು ಅತ್ತ ಪಿಕಪ್ಪಿನವನ ಮಾತು ಅವಳ ಕಿವಿಯಲ್ಲಿ ಮೊಳಗಿತು. ಡಬ್ಬಿಗೆ ಹಾಕಿಯೇ ಬಂದದ್ದು ಅಕ್ಕಾ.

ಊರಿಗೆ ಊರೇ ಸೇರಿ ಬ್ರೇಕನ್ನು ಬಿಚ್ಚಿ ಏರಿನ ತುದಿಯಲ್ಲಿ ಟೈಲ್ಸ್ ಹಾಕಿ ಕೂರಿಸಿದ್ದೆವು ಎಂದು ಅವಳಿಗೆ ಆಗ ಹೊಳೆಯಿತು. ಅಷ್ಟೂ ವರ್ಷ ಆ ತಿರುವಿನಲ್ಲಿ ದೊಡ್ಡ ಅನಾಹುತ ಆಗದೆ ಇದ್ದದ್ದು ಅಲ್ಲಿ ನಿಂತು ಹೋಗುವ ರೂಢಿಯಿಂದ. ಸಂಕ ಕಿರಿದಾಗಿದ್ದರೂ ಜನ ನಿಧಾನವಾಗಿದ್ದರು. ಈಗ ರಸ್ತೆ ನೇರ ಮಾಡಿದರೆ? ನೇರವಾದ ರಸ್ತೆ ಇಳಿಜಾರಿನಲ್ಲಿ ಬಂದು ಮುಟ್ಟುವುದು ಆಚೆ ಬದಿಯ ಮನೆಗಳ ಅಂಗಳಕ್ಕೆ, ಮಕ್ಕಳು ವ್ಯಾನಿಗೆ ಕಾಯುವ ಜಾಗಕ್ಕೆ. ಮರಗಳಿಗೆ ನಂಬರ್ ಬಿದ್ದಾಗಿದೆ. ಮಳೆ ಬಿಟ್ಟದ್ದೇ ಗರಗಸ ಬರುತ್ತದೆ. ಮನವಿಯ ಮೊದಲ ಸಹಿ ತನ್ನದು.

ಅವತ್ತು ಸಂಜೆ ಮಕ್ಕಳನ್ನೆಲ್ಲ ಇಳಿಸಿ ಮನೆಗೆ ಬಂದು, ಬೆಳಗ್ಗಿನದ್ದನ್ನೆಲ್ಲ ಸುಜಯನಿಗೆ ಹೇಳಿದಳು. ಮಗಳು ಆ ವ್ಯಾನಿನಲ್ಲಿ ಇದ್ದಳೆಂದು ಕೇಳಿ ಅವನು ಯಶಸ್ವಿಯನ್ನು ಕರೆದು ತಲೆ ಸವರಿದ. ಆದರೆ ಮನವಿ ಹಿಂದೆ ತೆಗೆದುಕೊಳ್ಳುತ್ತೇನೆ, ಸಂಕ ಉಳಿಯಲಿ ಎಂದದ್ದೇ ಅವನ ಮುಖ ಗಟ್ಟಿಯಾಯಿತು.

“ನನ್ನ ಕಾಲು ಮುರಿದ ಸಂಕ ಅದು. ಅದನ್ನು ಉಳಿಸ್ಲಿಕ್ಕೆ ನೀನೇ ಹೊರಟದ್ದಾ?”

“ಸಂಕ ಅಲ್ಲೇ ಇತ್ತು. ಎಷ್ಟು ಸಾವಿರ ಸಲ ನೀವು ದಾಟಿದ್ದೀರಿ. ನಿಮಗೆ ಗುದ್ದಿದ್ದು ಮೇಲೆ ಕಟ್ಟೆಯಲ್ಲಿ ಕೈಮುಗಿದು, ಕೆಳಗೆ ಓಡಿಸಿಕೊಂಡು ಬಂದ ಪಿಕಪ್. ಡಬ್ಬಿ ಒಯ್ಯುದು ಒಳ್ಳೇದು ಹೇಳಿದವರಲ್ಲಿ ನಾನೂ ಇದ್ದೆ.”

ಸುಜಯ್ ಕುಂಟುತ್ತ ಎದ್ದು ಒಳಗೆ ಹೋದ. ಅವನು ಬಯ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕೆಲವು ದಿನ ಮನೆಯಲ್ಲಿ ಊಟಕ್ಕೆ ಬನ್ನಿ, ಟವೆಲ್ ಕೊಡು, ಇಷ್ಟೇ ಮಾತು. ಆದರೂ ಭವಿತಾ ನಿಲ್ಲಲಿಲ್ಲ. ಮೊದಲು ಒಂದು ಡಬ್ಬ ತುಂಬ ಹಲಸಿನ ಹಪ್ಪಳ ತೆಗೆದುಕೊಂಡು ಸುಲೈಮಾನಾಕರ ಮನೆಗೆ ಹೋಗಿ ಕೊಟ್ಟು ಬಂದಳು. ಅವರ ಹೆಂಡತಿ ಖಾಲಿ ಡಬ್ಬ ಹಿಂದೆ ಕಳಿಸುವ ಪೈಕಿಯಲ್ಲ. ಮರುದಿನ ಅದರ ತುಂಬ ಅಕ್ಕಿ ರೊಟ್ಟಿಯಂಥ ಪತ್ತಿರ್ ಬಂತು. ಬ್ರೇಕ್ ತುಳಿದದ್ದಕ್ಕೂ ಹಪ್ಪಳ ಸಿಗುವುದಾದರೆ ದಿನಾ ತುಳಿಯುತ್ತೇನೆ ಎಂದು ಸುಲೈಮಾನಾಕ ಹೇಳಿ ಕಳಿಸಿದ್ದರು.

ಚಿನ್ಮಯೀ ಮೇಡಂ ಕೊನೆಯ ಪರಿಶೀಲನೆಗೆ ಬಂದ ದಿನ ಸಂಕದ ಹತ್ತಿರ ಊರಿನವರೆಲ್ಲ ಕೊಡೆ ಹಿಡಿದು ಸೇರಿದ್ದರು. ಭವಿತಾ ಎಲ್ಲರೆದುರು ನಡೆದದ್ದನ್ನು ಹೇಳಿ, ಡಬ್ಬಿ ಕೆಳಗೆ ಬರಬೇಕು, ಸಂಕ ಒಡೆಯುವುದು ಬೇಡ ಎಂದಳು. ಗಲಾಟೆ ಎದ್ದಿತು. ಮನವಿಗೆ ಸಹಿ ಮಾಡಿಸುವಾಗ ನಮ್ಮ ಮನೆಯಲ್ಲಿ ಎರಡು ಗ್ಲಾಸ್ ಮಜ್ಜಿಗೆ ಕುಡಿದು ಹೋಗಿದ್ದೀಯಲ್ಲ ಎಂದು ಒಬ್ಬರು ಎತ್ತಿ ಆಡಿದರು. ಹರಿಪ್ರಸಾದನಿಗೆ ತನ್ನ ಕಟ್ಟೆಯ ಟೈಲ್ಸಿನದ್ದೇ ಚಿಂತೆ. ಮಹಾಲಿಂಗಣ್ಣ ಮಾತ್ರ, ಗುಳಿಗ ಇದ್ದಲ್ಲೇ ಇದ್ದಾನೆ, ಅಲೆದಾಡುತ್ತಿರುವುದು ನಾವು ಮತ್ತು ಡಬ್ಬಿ ಎಂದರು.

ಚಿನ್ಮಯೀ ಎಲ್ಲವನ್ನೂ ಕೇಳಿದರು. ಗತ್ತಿನ ಹೆಂಗಸಲ್ಲ, ಮಳೆಯಲ್ಲಿ ನೆನೆದು ಸುಸ್ತಾದ, ನೇರ ಮಾತಿನ ಹೆಂಗಸು. ಕಮಾನು ಗಟ್ಟಿಯಿದೆ, ಅದನ್ನು ತಾನೇ ಪರೀಕ್ಷಿಸಿದ್ದೇನೆ, ಒಡೆಯಲು ತನಗೂ ಮನಸ್ಸಿಲ್ಲ ಎಂದರು. ಆದರೆ ಕಾಣಿಕೆ ಡಬ್ಬಿಯಿಂದ ಅಪಘಾತ ತಪ್ಪುತ್ತದೆ ಎಂದು ವರದಿಯಲ್ಲಿ ಬರೆಯುವುದು ಹೇಗೆ ಎಂದು ಕೇಳಿದರು.

“ನಾಳೆ ಇಲ್ಲಿ ಒಂದು ಮಗುವಿಗೆ ಏನಾದರೂ ಆದರೆ ಉತ್ತರ ಕೊಡಬೇಕಾದವಳು ನಾನು, ಭವಿತಾ.”

“ಆ ಮಕ್ಕಳನ್ನು ಕೂರಿಸಿಕೊಂಡು ದಿನಾ ಇಲ್ಲಿ ದಾಟುವವಳು ನಾನು, ಮೇಡಂ. ನನ್ನ ಮಗಳೂ ಅದರಲ್ಲಿ ಉಂಟು. ನಿಮಗಿಂತ ಹೆಚ್ಚು ಹೆದರಿಕೆ ನನಗೆ. ಅದಕ್ಕೇ ಕೇಳುದು.”

ಗಲಾಟೆ ಅಲ್ಲಿಗೆ ತಣಿಯಿತು. ಚಿನ್ಮಯೀ ತುಂಬ ಹೊತ್ತು ತಿರುವಿನಲ್ಲಿ ಆಚೆ ಈಚೆ ನಡೆದರು. ಆಮೇಲೆ ಹೇಳಿದ್ದು ಇಷ್ಟು: ಮಳೆಗಾಲದಲ್ಲಿ ಹೇಗೂ ಕೆಲಸ ಶುರುವಾಗುವುದಿಲ್ಲ. ಅಲ್ಲಿಯ ತನಕ ನೋಡೋಣ. ಆದರೆ ತಿರುವಿನ ಹೊಟ್ಟೆಯಲ್ಲಿ ಗಾಡಿ ನಿಲ್ಲುವುದಕ್ಕೆ ತಾನು ಒಪ್ಪುವುದಿಲ್ಲ, ಸ್ಕೂಟರ್ ತಾಗಿದ ಕಥೆ ತನಗೂ ಗೊತ್ತು. ಸಂಕದ ಎರಡೂ ಬದಿಯಲ್ಲಿ, ತಿರುವಿಗೆ ಸ್ವಲ್ಪ ಮೊದಲು, ಕಲ್ಲು ಕಣ್ಣಿಗೆ ಕಾಣುವಲ್ಲಿ ರಸ್ತೆಯ ಅಂಚನ್ನು ಅಗಲ ಮಾಡಿಸುತ್ತೇನೆ. ಅಲ್ಲಿ ನಿಂತು ಹಾಕಲಿ. ತಿರುವಿಗೆ ಒಂದು ಕನ್ನಡಿ, ರಸ್ತೆಗೆ ಗರಗರ ಅನ್ನುವ ಪಟ್ಟಿ, ಮರದ ಬುಡಗಳಿಗೆ ಹೊಳೆಯುವ ಬಿಲ್ಲೆ. ಒಂದು ಡಬ್ಬಿ ಎರಡಾಗಬೇಕೆಂದಾಗ ಹರಿಪ್ರಸಾದನ ಮುಖ ಅರಳಿತು. ಹೊಸ ಡಬ್ಬಿ ಮಂಡಲದ್ದೇ ಎಂದ. ಕ್ಯೂಆರ್ ಕೋಡ್ ಕೂಡ ಅಂಟಿಸುವ ಎಂದು ಯಾರೋ ಹೇಳಿದ್ದಕ್ಕೆ, ಸಿಗ್ನಲ್ ಹುಡುಕುತ್ತ ಎಲ್ಲರೂ ಸಂಕದ ನಡುವೆ ನಿಂತಾರು, ಬೇಡವೇ ಬೇಡ ಎಂದು ಭವಿತಾ ಗದರಿದಳು.

ವರದಿಯಲ್ಲಿ ಚಿನ್ಮಯೀ ‘ವಾಹನಗಳ ವೇಗ ತಗ್ಗಿಸುವ ಸ್ಥಳೀಯ ವ್ಯವಸ್ಥೆ’ ಎಂದು ಬರೆದರಂತೆ. ಗುಳಿಗನಿಗೆ ಸರಕಾರಿ ಹೆಸರು ಸಿಕ್ಕಿತೆಂದು ಮಹಾಲಿಂಗಣ್ಣ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಕಲ್ಲಿಗೆ ಎಳನೀರು ಸುರಿದು, ಅಡಿಕೆ ಹಿಂಗಾರದ ಎಸಳಿಟ್ಟು ದೈವಕ್ಕೆ ಸಣ್ಣ ತಂಬಿಲದ ಪೂಜೆ ಮಾಡಿ ಡಬ್ಬಿಗಳನ್ನು ಕೂರಿಸಿದ ದಿನ, ಸುಲೈಮಾನಾಕರ ಲಾರಿ ಅದೇ ದಾರಿಯಲ್ಲಿ ಬಂತು. ಮಹಾಲಿಂಗಣ್ಣ ಕೈ ಅಡ್ಡ ಹಿಡಿದು ನಿಲ್ಲಿಸಿ, ಒಂದು ಎಳನೀರು ಕೆತ್ತಿ ಕಿಟಕಿಯಿಂದ ಒಳಗೆ ಕೊಟ್ಟರು. ಡಬ್ಬಿ ಇಲ್ಲದ ಕಾಲದಲ್ಲೂ ಇಲ್ಲಿ ನಿಂತವರು ನೀವೊಬ್ಬರೇ, ಮೊದಲ ಎಳನೀರು ನಿಮ್ಮದು ಎಂದರು. ಸುಲೈಮಾನಾಕ ಒಂದೇ ಉಸಿರಿಗೆ ಕುಡಿದು, ಖಾಲಿ ಬೊಂಡವನ್ನು ಹೊರಗೆ ಎಸೆಯದೆ ಪಕ್ಕದಲ್ಲೇ ಇಟ್ಟುಕೊಂಡು ಹೋದರು.

ಆ ವರ್ಷದ ಮಳೆಗಾಲದ ಬಗ್ಗೆ ಹೇಳಲು ಏನೂ ಇಲ್ಲ, ಅದೇ ಅದರ ದೊಡ್ಡಸ್ತಿಕೆ. ಆಟಿಯ ಮಳೆ ಹುಯ್ಯಿತು, ಹೊಳೆ ಕಮಾನಿನ ತುಟಿಯ ತನಕ ಬಂದು ಇಳಿಯಿತು. ಗಾಡಿಗಳು ಬಂದವು, ಗರಗರ ಅಂದವು, ಅಂಚಿನಲ್ಲಿ ನಿಧಾನವಾದವು, ನಾಣ್ಯದ ಸದ್ದಾಯಿತು, ಒಂದೊಂದಾಗಿ ದಾಟಿದವು. ಕಲ್ಲಿನ ಗೋಡೆಯ ಮೇಲೆ ಹೊಸ ಗೀರು ಬೀಳಲಿಲ್ಲ. ಹಳೆಯ ಗೀರುಗಳನ್ನು ಪಾಚಿ ಮುಚ್ಚಿತು. ಮಳೆ ಬಿಟ್ಟ ಮೇಲೆ ಚಿನ್ಮಯೀ ಬಂದು, ರಸ್ತೆ ನೇರ ಮಾಡುವ ಯೋಜನೆ ಕೈಬಿಟ್ಟಾಗಿದೆ ಎಂದು ತಿಳಿಸಿದರು. ಹಿಂದಿರುಗುವಾಗ ಅವರ ಜೀಪೂ ನಿಧಾನವಾಯಿತು, ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಹೋಯಿತು. ಭವಿತಾ ನೋಡಿಯೂ ನೋಡದ ಹಾಗೆ ಮರದ ಕಡೆ ತಿರುಗಿದಳು. ಧೂಪದ ಮರಗಳ ಮೇಲಿನ ಬಿಳಿ ನಂಬರುಗಳು ಅರ್ಧ ತೊಳೆದುಹೋಗಿದ್ದವು.

ಎಲ್ಲವೂ ಸರಿಯಾಯಿತು ಎಂದು ಊರು ಹೇಳುತ್ತಿತ್ತು. ಭವಿತಾಳಿಗೆ ಮಾತ್ರ ಮನೆಯ ಜಗಲಿಯ ಬದಿಯಲ್ಲಿ ಟಾರ್ಪಾಲು ಹೊದ್ದು ನಿಂತ ಬೈಕು ಕಾಣುತ್ತಿತ್ತು. ಸುಜಯ್ ಈಗ ಮಾತಾಡುತ್ತಿದ್ದ, ನಗುತ್ತಿದ್ದ, ಅಂಗಳದಲ್ಲೇ ಕೂತು ಜನ ತಂದುಕೊಟ್ಟ ಮೋಟಾರುಗಳನ್ನು ಬಿಚ್ಚಿ ಜೋಡಿಸುತ್ತಿದ್ದ. ಸಂಕದ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ಒಂದು ಬೆಳಗ್ಗೆ ಅವಳು ವ್ಯಾನು ಹೊರಡಿಸುವಾಗ ಟಾರ್ಪಾಲು ಜಗಲಿಯ ಮೇಲೆ ಮಡಚಿಟ್ಟದ್ದು ಕಂಡಿತು. ಬೈಕು ಇರಲಿಲ್ಲ.

ಮಕ್ಕಳನ್ನು ಹತ್ತಿಸಿಕೊಂಡು ಸಂಕದ ಹತ್ತಿರ ಬರುವಾಗ ಅವನು ಅಲ್ಲಿದ್ದ. ಅಂಚಿನಲ್ಲಿ ಬೈಕು ನಿಲ್ಲಿಸಿ, ಹಿಂದೆ ಸ್ಪ್ಯಾನರಿನ ಚೀಲ ಕಟ್ಟಿಕೊಂಡು, ಕಮಾನನ್ನೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಭವಿತಾ ಅವನ ಹಿಂದೆ ವ್ಯಾನು ನಿಲ್ಲಿಸಿದಳು, ಇಳಿಯಲಿಲ್ಲ. ಸುಜಯ್ ಜೇಬಿನಿಂದ ನಾಣ್ಯ ತೆಗೆದು ಡಬ್ಬಿಗೆ ಹಾಕಿದ. ಬೈಕು ಶುರುಮಾಡಿ ಸಂಕಕ್ಕೆ ಹತ್ತಿಸಿದ. ಬಲಗಾಲನ್ನು ನೆಲಕ್ಕೆ ತಾಗಿಸುತ್ತ, ಎಡಗಾಲನ್ನು ಊರುತ್ತ, ಸೈಕಲ್ ಕಲಿಯುವ ಮಗುವಿನ ಹಾಗೆ ಓಲಾಡಿಕೊಂಡು ಮುಂದೆ ಹೋದ. ನಡುವಿನಲ್ಲಿ ಒಮ್ಮೆ ನಿಂತೇಬಿಟ್ಟ.

ತಿರುವಿನ ಕನ್ನಡಿಯಲ್ಲಿ ಆಚೆ ಬದಿ ಕಾಣುತ್ತಿತ್ತು. ಕೆಂಪುಕಲ್ಲಿನ ಲಾರಿಯೊಂದು ಅಂಚಿನಲ್ಲಿ ನಿಂತಿತ್ತು. ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕಾರುಗಳು. ಈಚೆ ಅವಳ ವ್ಯಾನಿನ ಹಿಂದೆಯೂ ಹಾಲಿನ ಗಾಡಿ, ಆಟೋ, ಇನ್ನೂ ಏನೇನೋ ಬಂದು ಸೇರಿದವು. ಎಲ್ಲರಿಗೂ ಬೆಳಗ್ಗಿನ ಅವಸರ ಇದ್ದೇ ಇತ್ತು. ಯಾರೂ ಹಾರ್ನ್ ಹಾಕಲಿಲ್ಲ. ಹೊಳೆಯ ಸದ್ದು ಮಾತ್ರ ಕೇಳುತ್ತಿತ್ತು.

ಹಿಂದಿನ ಸೀಟಿನಿಂದ ಒಂದು ಪುಟ್ಟ ಧ್ವನಿ, ಯಾಕೆ ಯಾರೂ ಹೋಗುದಿಲ್ಲ ಎಂದು ಕೇಳಿತು.

“ಸುಮ್ನಿರು,” ಎಂದಳು ಯಶಸ್ವಿ, ಮುಂದಿನ ಗಾಜಿನಿಂದ ಕಣ್ಣು ತೆಗೆಯದೆ. “ಅಪ್ಪ ದಾಟ್ಲಿ.”

ಸುಜಯ್ ಮತ್ತೆ ಗೇರ್ ಹಾಕಿದ. ಸಂಕ ಇಳಿದು, ಗುಳಿಗನ ಕಲ್ಲನ್ನು ಬಳಸಿ, ಲಾರಿಯ ಪಕ್ಕಕ್ಕೆ ಬಂದಾಗ ಸುಲೈಮಾನಾಕ ಕಿಟಕಿಯಿಂದ ಕೈ ಹೊರಗೆ ಹಾಕಿ ಅವನ ಹೆಗಲು ತಟ್ಟಿದರು. ಆಮೇಲೆ ಅದೇ ಕೈಯಲ್ಲಿ ಭವಿತಾಳಿಗೆ, ನೀವು ಬನ್ನಿ ಅಕ್ಕ ಎಂದು ಸನ್ನೆ ಮಾಡಿದರು. ಅವಳು ಕಣ್ಣೊರೆಸಿಕೊಂಡು ವ್ಯಾನನ್ನು ಸಂಕದ ಮೇಲೆ ಹತ್ತಿಸಿದಳು. ಮಕ್ಕಳು ಬೈಗುಳಕ್ಕೆ ಕಾದರು. ಅವಳು ಕಮಾನಿನ ಕಲ್ಲಿಗೆ, ಮರಗಳಿಗೆ, ಆಚೆ ಈಚೆ ಕಾದು ನಿಂತ ಅಷ್ಟೂ ಗಾಡಿಗಳಿಗೆ ಕೇಳುವ ಹಾಗೆ, ದೊಡ್ಡವರು ನೀವು ಎಂದಳು.